ಅಮಾವಾಸ್ಯೆ ಕಳೆದ ಮೇಲೆ ಬರ್ತೀವಿ

ಆ ದಿನ ಬೆಳಗಿನ ಕೆಲಸಗಳು ಇಷ್ಟು. ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ನಲ್ಲಿಯಲ್ಲಿ ನೀರು ಬಂದಿತ್ತು, ಡ್ರಮ್ಮು ತುಂಬಿಸಿ ಕೊಡಗಳನ್ನೂ ತುಂಬಿಸಿಟ್ಟೆ. ಅವರಿಗೆ ಇನ್ಸುಲಿನ್ ಚುಚ್ಚಿದೆ, ಹೊಟ್ಟೆಯ ಎಡಕ್ಕೆ, ಯಾಕೆಂದರೆ ಹಿಂದಿನ ದಿನ ಬಲಕ್ಕೆ ಆಗಿತ್ತು. ಗೋಧಿ ರವೆಯ ಉಪ್ಪಿಟ್ಟು ಮಾಡಿದೆ. ಮುಂದಿನ ಕೋಣೆಯ ಕಸ ಗುಡಿಸಿ ದಾರದ ಚೂರುಗಳನ್ನೂ ಬಟ್ಟೆಯ ಚಿಂದಿಗಳನ್ನೂ ಬೇರೆ ಬೇರೆ ಮಾಡಿದೆ. ಜೋಳ ಹಸನು ಮಾಡಿ ಗಿರಣಿಗೆ ಹೋಗುವ ಚೀಲಕ್ಕೆ ತುಂಬಿದೆ. ಕಡಲೆಬೇಳೆ ಬೇಯಲು ಇಡಬೇಕಿತ್ತು, ಇಡಲಿಲ್ಲ. ಆಮೇಲೆ ಗಂಡನ ಎಡಗಾಲು ನೋಡಿದೆ.

ಕಾಲು ನೋಡುವುದು ನಮ್ಮ ಮನೆಯಲ್ಲಿ ಹಾಲು ಕಾಯಿಸುವಷ್ಟೇ ದಿನದ ಕೆಲಸ. ಅವರು ಕುರ್ಚಿಯಲ್ಲಿ ಕೂರುತ್ತಾರೆ, ನಾನು ಮಣೆ ಹಾಕಿಕೊಂಡು ಕೆಳಗೆ ಕೂತು ಪಾದವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಕನ್ನಡಕ ಹಾಕಿಕೊಂಡು, ಮೊಬೈಲಿನ ಬೆಳಕು ಬಿಟ್ಟು, ಒಂದೊಂದು ಬೆರಳನ್ನೂ ಬಿಡಿಸಿ ಸಂದು ನೋಡುತ್ತೇನೆ. ಹಿಮ್ಮಡಿಗೆ ಸಣ್ಣ ಕನ್ನಡಿ ಹಿಡಿಯುತ್ತೇನೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ, ಆದ್ದರಿಂದ ಅವರ ಬದಲು ನಾನು ತಿಳಿದುಕೊಳ್ಳಬೇಕು. ನೋಡಬೇಕಾದ್ದು ಒಂದೇ ಪಾದ. ಬಲಗಾಲು ಮೊಣಕಾಲಿನ ಕೆಳಗೆ ಒಂದು ಗೇಣು ಮಾತ್ರ ಉಳಿದಿದೆ.

ಆ ದಿನ ಕಿರುಬೆರಳಿನ ಹೊರಮಗ್ಗುಲಲ್ಲಿ ಜೋಳದ ಕಾಳಿನಷ್ಟು ಕಪ್ಪು ಕಂಡಿತು. ಮಸಿಯಿರಬಹುದೆಂದು ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಅಂಗೈಯಿಂದ ಪಾದ ಮುಚ್ಚಿ ನೋಡಿದೆ, ನನ್ನ ಕೈಗಿಂತ ತಣ್ಣಗಿತ್ತು.

"ಏನಂತೈತೆ?" ಎಂದು ಅವರು ಬೀದಿಯ ಕಡೆ ನೋಡುತ್ತಲೇ ಕೇಳಿದರು. ದಿನವೂ ಹಾಗೇ ಕೇಳುತ್ತಾರೆ, ಕಾಲು ಬೇರೆ ಯಾರದೋ ಎಂಬಂತೆ.

"ಸ್ವಲ್ಪ ತಣ್ಣಗೈತೆ" ಅಂದೆ.

ಕ್ಯಾಲೆಂಡರ್ ನನ್ನ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ತಿರುಗಿ ನೋಡುವ ಅಗತ್ಯವಿರಲಿಲ್ಲ. ಕಡಲೆಬೇಳೆ ಬೇಯಿಸಬೇಕೆಂದುಕೊಂಡಿದ್ದೇ ಅದಕ್ಕೆ. ಅಮಾವಾಸ್ಯೆಗೆ ನಮ್ಮಲ್ಲಿ ಹೋಳಿಗೆ ಆಗಬೇಕು, ಎಡೆ ಹಿಡಿಯಬೇಕು. ಬಲಗಾಲು ಹೋದ ಮೇಲೆ ನಾನು ಹೋಳಿಗೆ ಮಾಡಿಲ್ಲ. ಆದರೂ ಪ್ರತಿ ಅಮಾವಾಸ್ಯೆಯ ಬೆಳಗ್ಗೆ ಕೈ ಕಡಲೆಬೇಳೆಯ ಡಬ್ಬಿಯವರೆಗೆ ಹೋಗಿ ಬರುತ್ತದೆ.

ಅದಕ್ಕೆ ಕಾರಣ ಹೇಳಬೇಕಾದರೆ ಎಂಟು ತಿಂಗಳು ಹಿಂದಕ್ಕೆ ಹೋಗಬೇಕು.

ನನ್ನ ಗಂಡ ಟೈಲರು. ಹರಿಹರದ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಲಲ್ಲಿ ತುಳಿಯುವ ಹಳೆಯ ಮಿಷನ್ನು, ಬಲಗಾಲಿನ ತುಳಿತ. ಮದುವೆಯಾಗಿ ಬಂದ ದಿನದಿಂದ ಆ ಸದ್ದಿನಲ್ಲೇ ಅಡುಗೆ ಮಾಡಿದ್ದೇನೆ, ಮಗಳಿಗೆ ಜಡೆ ಹಾಕಿದ್ದೇನೆ. ಮಗಳನ್ನು ಆವರಗೆರೆಗೆ ಕೊಟ್ಟಿದ್ದೇವೆ. ಬ್ಯಾಂಕಿನವರು ಹೇಳಿದರೆಂದು ಆರೋಗ್ಯ ವಿಮೆ ಮಾಡಿಸಿಕೊಟ್ಟವಳೂ ಅವಳೇ. ಆ ಕಾರ್ಡು ರೇಷನ್ ಕಾರ್ಡಿನ ಜೊತೆ ದೇವರ ಗೂಡಿನ ಕೆಳಗಿನ ಡಬ್ಬಿಯಲ್ಲಿರುತ್ತಿತ್ತು. ಕಾರ್ಡು ತೋರಿಸಿದರೆ ಆಸ್ಪತ್ರೆಯವರು ನಮ್ಮನ್ನು ಕೇಳದೆ ಕಂಪನಿಯಿಂದಲೇ ವಸೂಲು ಮಾಡಿಕೊಳ್ಳುತ್ತಾರೆ ಎಂಬಷ್ಟೇ ನಮಗೆ ತಿಳಿದದ್ದು. ಹಾಗೆ ಮಾಡಿಕೊಳ್ಳಲು ಕಂಪನಿಗೂ ಆಸ್ಪತ್ರೆಗೂ ನಡುವೆ ಒಂದು ಕರಾರು ಇರುತ್ತದೆ, ಆ ಕರಾರಿಗೆ ಕೊನೆಯ ದಿನವೂ ಇರುತ್ತದೆ ಎಂಬುದು ಗೊತ್ತಿರಲಿಲ್ಲ. ಇಬ್ಬರು ಬೇರೆಯವರ ನಡುವಿನ ಕಾಗದದ ಮೇಲೆ ನಮ್ಮ ಮನೆಯ ಕಾಲು ನಿಂತಿದೆ ಎಂದು ಯಾರಾದರೂ ಹೇಗೆ ತಿಳಿಯಬೇಕು?

ಆಗ ಬಲಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಒಂದು ಶನಿವಾರ ಹೋದೆವು. ಡಾಕ್ಟರು ಪಾದದ ರಕ್ತ ಓಡುವ ಸದ್ದನ್ನು ಮಿಷನ್ನಿನಲ್ಲಿ ಕೇಳಿಸಿದರು. ಎಡಗಾಲಿನಲ್ಲಿ ಸುಯ್ ಸುಯ್ ಎಂದಿತು. ಬಲಗಾಲಿನಲ್ಲಿ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

"ರಕ್ತನಾಳ ಮುಚ್ಕೊಂಡೈತೆ. ಬಲೂನು ಹಾಕಿ ತೆಗೀಬಹುದು. ಸೋಮವಾರ ಬೆಳಗ್ಗೆ ಅಡ್ಮಿಟ್ ಆಗ್ರಿ, ಮಂಗಳವಾರ ಮಾಡೋಣ" ಎಂದರು.

ಸಂಜೆಯೊಳಗೆ ಮಗಳ ಫೋನಿಗೆ ಕಂಪನಿಯ ಅಪ್ರೂವಲ್ ಬಂತು. ಎಲ್ಲ ಸುಸೂತ್ರ. ಭಾನುವಾರ ಬಟ್ಟೆ ಚೀಲ ತುಂಬುವಾಗ ಕ್ಯಾಲೆಂಡರ್ ನೋಡಿದೆ. ಸೋಮವಾರ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಕಡೆ ಆಸ್ಪತ್ರೆಗೆ ಸೇರುವವರಿಲ್ಲ. ಮರುದಿನ ಮಂಗಳವಾರ, ಮೈಮೇಲೆ ಕತ್ತರಿ ಆಡಿಸುವ ದಿನವಲ್ಲ.

"ಬುಧವಾರ ಹೋಗಣ ಕಣ್ರಿ" ಅಂದೆ.

"ನಿನ್ನಿಷ್ಟ. ಅಷ್ಟ್ರಾಗೆ ನಾಕು ಯೂನಿಫಾರಂ ಮುಗಿಸ್ತೀನಿ" ಎಂದರು ಅವರು. ಅವರಿಗೂ ಎರಡು ದಿನ ಸಿಕ್ಕಿದ್ದು ಸಮಾಧಾನವೇ ಆಗಿತ್ತು. ಇಲ್ಲಿಯವರೆಗಿನದು ಅವರಿಗೂ ಗೊತ್ತು.

ಗೊತ್ತಿಲ್ಲದ್ದು ಇದು. ಸೋಮವಾರ ನಸುಕಿನಲ್ಲೇ ಹೊಳೆಗೆ ಹೋಗಿ ಮುಳುಗು ಹಾಕಿ ಬಂದಿದ್ದೆ. ಹನ್ನೊಂದರ ಹೊತ್ತಿಗೆ ಹೋಳಿಗೆ ತಟ್ಟುತ್ತಿದ್ದೆ. ಅವರು ಮುಂದಿನ ಕೋಣೆಯಲ್ಲಿ ಮಿಷನ್ನು ತುಳಿಯುತ್ತಿದ್ದರು. ಫೋನು ಬಂತು. ಕೈಯೆಲ್ಲ ಕಣಕ, ಹಾಗೇ ಎತ್ತಿ ಕಿವಿಗೆ ಸಿಕ್ಕಿಸಿಕೊಂಡೆ.

"ಆಂಟಿ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಂದ ಮಾತಾಡ್ತಿರೋದು. ಇವತ್ತು ಬರ್ಬೇಕಿತ್ತಲ್ಲ, ಯಾಕ ಬಂದಿಲ್ಲ?" ಎಂದಳು ಒಬ್ಬ ಹುಡುಗಿ.

"ಅಮಾವಾಸ್ಯೆ ಅಲ್ಲೇನವ್ವಾ? ಅಮಾವಾಸ್ಯೆ ಕಳೆದ ಮೇಲೆ ಬರ್ತೀವಿ. ನಾಳೆ ಮಂಗಳವಾರ. ಬುಧವಾರ ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಇರ್ತೀವಿ."

ಹುಡುಗಿ ದನಿ ತಗ್ಗಿಸಿದಳು. "ಬುಧವಾರ ಬ್ಯಾಡ ಆಂಟಿ. ನಿಮ್ಮ ಕಂಪನಿಗೂ ನಮ್ಮೋರಿಗೂ ಏನೋ ಜಗಳ ನಡೀತೈತೆ. ನಮಗೆ ಸರಿಯಾಗಿ ಹೇಳ್ತಿಲ್ಲ. ಇವತ್ತಿಲ್ಲ ನಾಳೆ ಒಳಗೆ ಅಡ್ಮಿಟ್ ಆಗಿಬಿಟ್ರೆ ಒಳ್ಳೇದು."

"ಅಪ್ರೂವಲ್ ಬಂದೈತಲ್ಲ?"

"ಬಂದೈತೆ... ಆದ್ರೂ."

ಹಂಚಿನ ಮೇಲೆ ಹೋಳಿಗೆ ಸೀಯುತ್ತಿತ್ತು. "ಬುಧವಾರ ಬರ್ತೀವಮ್ಮ" ಎಂದು ಫೋನು ಇಟ್ಟೆ.

"ಯಾರದೇ ಫೋನು?" ಎಂದು ಅವರು ಮುಂದಿನಿಂದ ಕೂಗಿದರು.

"ಯಾರೋ ಹುಡುಗಿ. ಲೋನ್ ಬೇಕಾ ಅಂತ" ಅಂದೆ.

ಯಾಕೆ ಹಾಗೆ ಹೇಳಿದೆ? ಹೇಳಿದರೆ ಅವರು ಗಾಬರಿಯಾಗುತ್ತಾರೆ, ಈಗಲೇ ಹೊರಡೋಣ ಅನ್ನುತ್ತಾರೆ, ಎಡೆ ಅರ್ಧಕ್ಕೆ ನಿಲ್ಲುತ್ತದೆ. ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಸುಳ್ಳು ಎಂದು ಕೂಡ ಅನ್ನಿಸಲಿಲ್ಲ, ಸೀದ ಹೋಳಿಗೆಯನ್ನು ತಟ್ಟೆಯ ಅಡಿಗೆ ಸೇರಿಸಿದ ಹಾಗೆ ಅದನ್ನೂ ಸೇರಿಸಿದೆ.

ಬುಧವಾರ ಹೇಳಿದ ಹಾಗೆಯೇ ಹೋದೆವು. ಡೆಸ್ಕಿನ ಗಾಜಿಗೆ ಒಂದು ಕಾಗದ ಅಂಟಿಸಿದ್ದರು. ನಮ್ಮ ಕಂಪನಿಯ ಕಾರ್ಡು ಇರುವವರಿಗೆ ಆ ದಿನದಿಂದ ಕ್ಯಾಶ್‌ಲೆಸ್ ಸೌಲಭ್ಯ ತಾತ್ಕಾಲಿಕವಾಗಿ ಇಲ್ಲ ಎಂದಿತ್ತು. ನಾಲ್ಕು ಮೂಲೆಗೂ ಟೇಪು. ಅಂಟು ಇನ್ನೂ ಹೊಸದು, ಒಂದು ಮೂಲೆಯ ಅಡಿಯಲ್ಲಿ ಗಾಳಿಗುಳ್ಳೆ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ.

ಮಗಳು ಜಗಳಕ್ಕೆ ನಿಂತಳು. "ಅಪ್ರೂವಲ್ ಕೊಟ್ಟೋರು ನೀವೇ ಅಲ್ವೇನ್ರಿ? ಶನಿವಾರ ಇದ್ದದ್ದು ಬುಧವಾರ ಹೆಂಗೆ ಹೋಗ್ತೈತೆ?"

ಒಳಗಿನಿಂದ ಬಂದ ಮ್ಯಾನೇಜರು ತಾಳ್ಮೆಯಿಂದಲೇ ಹೇಳಿದರು. "ಅಡ್ಮಿಟ್ ಆಗಿದ್ದಿದ್ರೆ ನಡೀತಿತ್ತು ಮೇಡಂ. ನಿನ್ನೆವರೆಗೆ ಸೇರಿದೋರಿಗೆಲ್ಲ ನಡೀತೈತೆ. ಅಡ್ಮಿಟ್ ಆಗದೆ ಅದು ಬರೀ ಕಾಗದ. ಕಂಪನಿಯೋರು ಹಳೇ ದರಕ್ಕೇ ಮಾಡ್ರಿ ಅಂತಾರೆ, ನಮಗೆ ಗಿಟ್ಟಲ್ಲ. ಅವರನ್ನೇ ಕೇಳ್ರಿ."

ಕಂಪನಿಗೆ ಫೋನು ಮಾಡಿದರೆ ಬಹಳ ಹೊತ್ತು ಸಂಗೀತ. ಆಮೇಲೆ ಒಬ್ಬರು, ಆಸ್ಪತ್ರೆಯವರು ದರ ಏರಿಸಿದ್ದಾರೆ, ನಮ್ಮ ಪಟ್ಟಿಯ ಬೇರೆ ಆಸ್ಪತ್ರೆಗೆ ಹೋಗಿ ಎಂದರು. ಡೆಸ್ಕಿನ ಹಿಂದೆ ಒಬ್ಬ ಹುಡುಗಿ ಕಂಪ್ಯೂಟರಿನಿಂದ ಕಣ್ಣು ಎತ್ತಿ ನನ್ನನ್ನು ನೋಡಿದಳು. ಅವಳಿನ್ನೂ ಬಾಯಿ ತೆರೆದಿರಲಿಲ್ಲ, ಆದರೆ ಫೋನು ಮಾಡಿದವಳು ಇವಳೇ ಎಂದು ಗೊತ್ತಾಯಿತು. ಅವಳು ಮತ್ತೆ ಕಂಪ್ಯೂಟರಿನ ಕಡೆ ಬಗ್ಗಿದಳು. ನಾನು ಬಂದು ಕುರ್ಚಿಯಲ್ಲಿ ಕೂತೆ.

ಪಕ್ಕದ ಕುರ್ಚಿಯಲ್ಲಿ ಹದಡಿ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ಅವಳ ಅತ್ತೆಗೂ ನಮ್ಮದೇ ಕಂಪನಿಯ ಕಾರ್ಡು. "ನಮ್ದು ನಡೀತೈತಂತೆ ಕಣಕ್ಕ. ನಾವು ನಿನ್ನೆ ಸಾಯಂಕಾಲ ಸೇರಿದ್ವಿ" ಎಂದಳು. ಅವಳು ನನ್ನ ವಯಸ್ಸಿನವಳೇ, ಹಣೆ ತುಂಬ ವಿಭೂತಿ. ಮಂಗಳವಾರವೇ ಅತ್ತೆಯನ್ನು ಸೇರಿಸಿದ್ದಳು.

ಮುಂಗಡ ಕಟ್ಟಿ ಅಲ್ಲೇ ಮಾಡಿಸಿಕೊಂಡು ಆಮೇಲೆ ಕಂಪನಿಯಿಂದ ಪಡೆಯಬಹುದು ಎಂದರು. ಅಷ್ಟು ನಮ್ಮಲ್ಲಿರಲಿಲ್ಲ. ಮಗಳು ಬಳೆ ಬಿಚ್ಚಲು ಹೋದಳು, ಅವಳ ಅಪ್ಪ ಬಿಡಲಿಲ್ಲ. "ಬೇರೆ ಆಸ್ಪತ್ರೆ ಐತಲ್ಲ, ನಡೀರಿ" ಎಂದರು. ಬೇರೆ ಆಸ್ಪತ್ರೆಯಲ್ಲಿ ಹೊಸದಾಗಿ ಅಪ್ರೂವಲ್ ಬೇಕು. ರಕ್ತನಾಳದ ಡಾಕ್ಟರು ಅಲ್ಲಿಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ ಬರುತ್ತಿದ್ದರು. ಕಪ್ಪು ಯಾರಿಗೂ ಕಾಯಲಿಲ್ಲ. ಗುರುವಾರ ಪಾದದ ಮೇಲೆ ಹತ್ತಿತು, ಶುಕ್ರವಾರ ಜ್ವರ ಬಂತು. ಶನಿವಾರ ಬಂದ ಡಾಕ್ಟರು ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚಿದರು. ಅವರನ್ನು ಹೊರಗೆ ತಡೆದು ಕೇಳಿದೆ, "ಎರಡು ದಿನ ಮುಂಚೆ ಆಗಿದ್ದಿದ್ರೆ ಉಳೀತಿತ್ತೇನ್ರಿ?"

"ಉಳೀತಿತ್ತು ಅಂತ ಹೇಳಕ್ಕಾಗಲ್ಲಮ್ಮ. ಉಳೀತಿರಲಿಲ್ಲ ಅಂತಲೂ ಹೇಳಕ್ಕಾಗಲ್ಲ" ಎಂದರು.

ಒಂದನ್ನಾದರೂ ಹೇಳಿದ್ದರೆ ನಾನು ಅದನ್ನು ಹಿಡಿದುಕೊಂಡು ಇರುತ್ತಿದ್ದೆ.

ಕಾಲು ತೆಗೆದ ಮೇಲೆ ಅದನ್ನು ಏನು ಮಾಡಬೇಕೆಂದು ಕೇಳಿದರು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಕೊಂಡಜ್ಜಿಯಲ್ಲಿ ನನ್ನ ಬಾವನವರ, ಎಂದರೆ ಗಂಡನ ಅಣ್ಣನವರ, ಹೊಲ ಇದೆ. ಬಾವ ಹೊಸ ಬಿಳಿ ಬಟ್ಟೆ ತಂದು, ಸಹಿ ಹಾಕಿ ತೆಗೆದುಕೊಂಡು ಹೋದರು. ಹೊಲದ ಬದುವಿನಲ್ಲಿ ಅಪ್ಪ ಅವ್ವನ ಪಕ್ಕ ಇಟ್ಟು, ವಿಭೂತಿ ಹಾಕಿ, ಮಣ್ಣು ಎಳೆದು ಬಂದರು. ನಾನು ನೋಡಿಲ್ಲ. ಆದರೆ ಗಂಡನ ಒಂದು ಭಾಗ ಆಗಲೇ ಆ ಬದುವಿನಲ್ಲಿ ಮಲಗಿದೆ ಎಂಬುದನ್ನು ಅವರಿಗೆ ಊಟ ಬಡಿಸುವಾಗ ಎಷ್ಟೋ ಸಲ ನೆನೆದಿದ್ದೇನೆ.

ಅವರು ಮರೆಯಲು ಬಿಡುವುದೂ ಇಲ್ಲ. ಇಲ್ಲದ ಕಾಲು ನೋಯುತ್ತದೆ, ತುರಿಸುತ್ತದೆ. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅವರು ಮಾತ್ರ ಒಪ್ಪುವುದಿಲ್ಲ.

"ಹೆಬ್ಬೆರಳು ಮಡಚ್ಕೊಂಡೈತೆ ಕಣೇ. ನಮ್ಮಣ್ಣ ನೆಟ್ಟಗೆ ಇಟ್ಟಿಲ್ಲ" ಎನ್ನುತ್ತಾರೆ.

ಬಾವನಿಗೆ ಫೋನು ಮಾಡಿ ಕೇಳಿಯೂ ಬಿಟ್ಟರು. "ಯಾವ ಕಡೆ ಮುಖ ಮಾಡಿ ಇಟ್ಟೆ?"

"ಕಾಲಿಗೆಲ್ಲಿಂದ ಮುಖ ತರ್ಲೋ ನಿಂಗೆ? ನೆಟ್ಟಗೆ ಇಟ್ಟೀನಿ, ಸುಮ್ನಿರು" ಎಂದು ಬಾವ ಬೈದರು. ಮರುದಿನ ಬದುವಿನ ಆ ಜಾಗಕ್ಕೆ ಒಂದು ಕೊಡ ನೀರು ಹಾಕಿ ಬಂದರಂತೆ, ಮಣ್ಣು ಸಡಿಲವಾಗಲಿ ಎಂದು.

ತುರಿಸಿದಾಗ ಅವರು ನನ್ನನ್ನು ಕರೆಯುತ್ತಾರೆ. ಹಾಸಿಗೆಯ ಮೇಲೆ ಕಾಲು ಇರಬೇಕಾದ ಜಾಗದಲ್ಲಿ ನಾನು ಚಾದರವನ್ನು ಕೆರೆಯುತ್ತೇನೆ. "ಇನ್ನೂ ಕೆಳಗೆ. ಹ್ಞಾ, ಅಲ್ಲಿ" ಎನ್ನುತ್ತಾರೆ, ಮುಖ ಸಡಿಲವಾಗುತ್ತದೆ. ಬಟ್ಟೆ ಅಲ್ಲಿ ಬೆಚ್ಚಗಿದೆ ಅನ್ನಿಸುತ್ತದೆ ನನಗೆ. ನನ್ನದೇ ಕೈಯ ಬಿಸಿ ಇರಬಹುದು.

ಈಗ ಮಿಷನ್ನಿಗೆ ಮೋಟಾರು ಹಾಕಿಸಿದ್ದೇವೆ. ಎಡಗಾಲಲ್ಲಿ ಒತ್ತುತ್ತಾರೆ. ಸದ್ದು ಬೇರೆ, ಒಂದೇ ಸಮನೆ ಗುಂಯ್ ಎನ್ನುತ್ತದೆ. ಆದರೆ ಉಣ್ಣುವಾಗ, ಪೇಪರು ಓದುವಾಗ ಅವರ ಬಲದೊಡೆ ತಾನಾಗಿ ಸಣ್ಣಗೆ ಅಲುಗುತ್ತಿರುತ್ತದೆ, ಹಳೆಯ ತುಳಿತದ ಲೆಕ್ಕಕ್ಕೆ ಸರಿಯಾಗಿ. ತಮ್ಮ ಪ್ಯಾಂಟುಗಳನ್ನೆಲ್ಲ ಬಿಚ್ಚಿ ಬಲಗಡೆಯದನ್ನು ತಾವೇ ಕತ್ತರಿಸಿ ಅಂಚು ಹೊಲಿದರು. ಗಿರಾಕಿಗಳ ಮುಂದೆ ನಗೆಯಾಡುತ್ತಾರೆ. "ನಂಗೆ ಇನ್ಮ್ಯಾಲೆ ಪ್ಯಾಂಟಿಗೆ ಮುಕ್ಕಾಲು ಬಟ್ಟೆ ಸಾಕು ನೋಡ್ರಿ. ಉಳಿದಿದ್ರಾಗೆ ನಮ್ಮನೆಯೋಳಿಗೆ ಸಂತೆ ಚೀಲ." ನಿಜವಾಗಿಯೂ ಹೊಲಿದುಕೊಟ್ಟರು. ಆ ಚೀಲದಲ್ಲಿ ನಾನು ತರಕಾರಿ ತರುತ್ತೇನೆ.

ಹೀಗೆ ನಗುವವರು ಬೆಳಗ್ಗೆ ಚಹಾ ಕುಡಿಯುವಾಗ ಮಾತ್ರ ಕಂಪನಿಯವರನ್ನು ಬೈಯದೆ ಲೋಟ ಕೆಳಗಿಡುತ್ತಿರಲಿಲ್ಲ. ಕಂಪನಿಯವರನ್ನು, ಆಮೇಲೆ ಆಸ್ಪತ್ರೆಯವರನ್ನು. "ಒಂದು ಫೋನ್ ಮಾಡಿ ಹೇಳಿದ್ರೆ ಏನಾಗ್ತಿತ್ತು ಇವರಿಗೆ? ಒಂದು ಫೋನು" ಎನ್ನುತ್ತಿದ್ದರು. ನಾನು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದೆ. ನನ್ನ ಫೋನಿನ ಕವರಿನ ಅಂಚಿನಲ್ಲಿ ಅಂದಿನ ಕಣಕ ಒಣಗಿ ಕೂತಿತ್ತು. ಎಷ್ಟು ಸಲ ಉಗುರಿನಿಂದ ತೆಗೆದರೂ ಎಲ್ಲೋ ಒಂದು ಚೂರು ಉಳಿದಿರುತ್ತಿತ್ತು.

ಮೂರು ತಿಂಗಳಾದ ಮೇಲೆ ಪೇಪರಿನಲ್ಲಿ ಮೂರು ಸಾಲು ಬಂತು. ಕಂಪನಿಗೂ ಆಸ್ಪತ್ರೆಗೂ ರಾಜಿಯಾಗಿ ಹೊಸ ಕರಾರು ಆಗಿತ್ತು. ಮಗಳ ಫೋನಿಗೆ ಸಂದೇಶವೂ ಬಂತು, ಮತ್ತೆ ಸೇವೆ ಒದಗಿಸಲು ಸಂತೋಷಪಡುತ್ತೇವೆ ಎಂದು. ಅವರು ಆ ಪೇಪರನ್ನು ಮಡಚಿ, ಅಳತೆ ಬರೆಯುವ ಪುಸ್ತಕದ ಒಳಗಿಟ್ಟರು. ಆ ದಿನ ಬೈಯಲಿಲ್ಲ. ಜಗಳ ಮಾಡಿದ ಇಬ್ಬರೂ ಕೈ ಕುಲುಕಿ ಒಳಗೆ ಹೋದರು, ಕಾಲು ಬದುವಿನಲ್ಲೇ ಇತ್ತು.

ಈಗ ಆ ಬೆಳಗಿಗೆ ಮರಳುತ್ತೇನೆ. ಎಡಗಾಲಿನ ಕಿರುಬೆರಳು, ಜೋಳದ ಕಾಳಿನಷ್ಟು ಕಪ್ಪು, ಗೋಡೆಯಲ್ಲಿ ಅಮಾವಾಸ್ಯೆ. ಪಾದ ಇನ್ನೂ ನನ್ನ ತೊಡೆಯ ಮೇಲೆಯೇ ಇತ್ತು. ಒಂದು ದಿನ ತಾನೇ, ನಾಳೆ ಹೋದರಾಯಿತು ಎಂದು ಒಳಗೆ ಯಾರೋ ಹೇಳಿದರು. ಅದು ನನ್ನದೇ ದನಿ, ಹೋಳಿಗೆ ತಟ್ಟುತ್ತಿದ್ದವಳದು. ಎಂಟು ತಿಂಗಳಾದರೂ ಅವಳು ಎಲ್ಲೂ ಹೋಗಿರಲಿಲ್ಲ.

"ಅಂಗಿ ಹಾಕ್ಕಳ್ರಿ. ದಾವಣಗೆರೆಗೆ ಹೋಗಣ" ಅಂದೆ.

ಅವರು ಈಗ ನನ್ನ ಕಡೆ ತಿರುಗಿದರು. "ಇವತ್ತು ಅಮಾವಾಸ್ಯೆ ಅಲ್ಲೇನೆ?"

"ಹೌದು."

"ನೀನೇ ಹೇಳ್ತಿದ್ದೀಯಾ?"

"ಹೌದ್ರಿ. ನಾನೇ."

ಅವರು ಊರುಗೋಲು ಎಳೆದುಕೊಂಡರು. ಮಗಳಿಗೆ ಫೋನು ಮಾಡಿ ನೇರ ಆ ದೊಡ್ಡ ಆಸ್ಪತ್ರೆಗೇ ಬರಲು ಹೇಳಿದೆ. ಡಬ್ಬಿಯಿಂದ ಕಾರ್ಡು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ನಮ್ಮ ಓಣಿಯ ಆಟೋದವನು ಬಂದ. "ಅಮಾವಾಸ್ಯೆ ದಿನ ಆಸ್ಪತ್ರೆ ಖಾಲಿ ಇರ್ತಾವೆ ಬಿಡ್ರಿ ಅಕ್ಕಾರೆ. ಜಲ್ದಿ ಆಗ್ತೈತೆ" ಎಂದ. ಅವರು ನಕ್ಕರು. ದಾರಿಯುದ್ದಕ್ಕೂ ನಾನು ಅವರ ಎಡಪಾದವನ್ನು ನನ್ನ ಎರಡು ಪಾದಗಳ ನಡುವೆ ಇಟ್ಟುಕೊಂಡು ಕೂತಿದ್ದೆ.

ಆಟೋದವನು ಹೇಳಿದ್ದು ಸರಿಯೇ. ಕುರ್ಚಿಗಳು ಖಾಲಿ. ಅದೇ ಡಾಕ್ಟರು, ಅದೇ ರಕ್ತದ ಸದ್ದಿನ ಮಿಷನ್ನು. ಎಡಗಾಲಿನಲ್ಲಿ ಈ ಸಲ ಸುಯ್ ಎಂಬುದು ಬಹಳ ದೂರದಿಂದ ಬಂದಂತೆ ಕೇಳಿಸಿತು. ಆದರೆ ಕೇಳಿಸಿತು.

"ಇವತ್ತೇ ಸೇರ್ಕೊಳ್ಳಿ. ನಾಳೆ ಬೆಳಗ್ಗೆ ಬಲೂನು ಹಾಕ್ತೀನಿ. ಯಾಕೋ ಬೇಗ ಬಂದಿದ್ದೀರಿ ಈ ಸಲ, ಒಳ್ಳೇದಾಯ್ತು" ಎಂದರು ಡಾಕ್ಟರು.

ಕಾರ್ಡು ತೆಗೆದುಕೊಂಡು ಡೆಸ್ಕಿಗೆ ಹೋದೆವು. ಗಾಜಿನ ಮೇಲೆ ಆ ಕಾಗದ ಇರಲಿಲ್ಲ. ನಾಲ್ಕು ಮೂಲೆಯ ಟೇಪಿನ ಗುರುತು ಮಾತ್ರ ಉಳಿದಿತ್ತು, ಧೂಳು ಹಿಡಿದು ಬೂದಿ ಬಣ್ಣವಾಗಿತ್ತು. ಅವರು ಊರುಗೋಲು ಒರಗಿಸಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಡೆಸ್ಕಿನ ಹಿಂದೆ ಅದೇ ಹುಡುಗಿ. ಕಾರ್ಡಿನ ಹೆಸರು ಓದಿ, ಕಂಪ್ಯೂಟರು ನೋಡಿ, ನನ್ನನ್ನು ನೋಡಿ ಮುಖ ಅರಳಿಸಿದಳು. ಎತ್ತರದ ಡೆಸ್ಕಿನಿಂದಾಗಿ ಕೆಳಗೆ ಕೂತಿದ್ದ ಅವರು ಅವಳಿಗೆ ಕಾಣುತ್ತಿರಲಿಲ್ಲ.

"ಈ ಸಲ ಅಮಾವಾಸ್ಯೆಗೇ ಬಂದ್ರಲ್ಲ ಆಂಟಿ. ಆವತ್ತು ನಾನು ಫೋನ್ ಮಾಡಿ ಬರ್ರಿ ಬರ್ರಿ ಅಂದ್ರೂ, ಕಳೆದ ಮೇಲೆ ಬರ್ತೀವಿ ಅಂದ್ರಿ. ನಂಗೆ ಎಷ್ಟು ಬೇಜಾರಾಗಿತ್ತು ಗೊತ್ತಾ? ಅಂಕಲ್ ಆರಾಮಿದ್ದಾರಾ ಈಗ?"

ಹೇಳುತ್ತಲೇ ಸಹಿಯ ಕಾಗದ ಕೊಡಲು ಮುಂದಕ್ಕೆ ಬಾಗಿದಳು. ಆಗ ಕತ್ತರಿಸಿ ಅಂಚು ಹೊಲಿದ ಪ್ಯಾಂಟು ಕಂಡಿತು. ಕೈ ಅರ್ಧದಲ್ಲೇ ನಿಂತಿತು. ಅವಳ ತಪ್ಪೇನೂ ಇರಲಿಲ್ಲ. ಅಷ್ಟು ಜನರಲ್ಲಿ ನಮಗೆ ಒಳ್ಳೆಯದು ಬಯಸಿದವಳು ಅವಳೊಬ್ಬಳೇ.

ಅವರು ಕಾಗದ ತೆಗೆದುಕೊಂಡು ತೊಡೆಯ ಮೇಲಿಟ್ಟು ಸಹಿ ಹಾಕಿದರು. "ಆರಾಮಿದೀನಮ್ಮ" ಎಂದರು.

ಸೆರಗಿನ ತುದಿಯನ್ನು ನಾನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಬೆರಳಿನಲ್ಲಿ ಅಚ್ಚು ಬಿದ್ದಿತ್ತು. ಮಗಳು ಬಂದಳು, ನಮ್ಮಿಬ್ಬರ ಮುಖ ನೋಡಿ, ಅಪ್ಪನ ಕಾಲಿನ ಚಿಂತೆ ಎಂದುಕೊಂಡಳು. ಅಪ್ರೂವಲ್ ಮಧ್ಯಾಹ್ನವೇ ಬಂತು. ಮೇಲಿನ ಮಹಡಿಯಲ್ಲಿ ಕಿಟಕಿಯ ಪಕ್ಕದ ಮಂಚ ಕೊಟ್ಟರು. ಮಗಳು ಊಟ ತರಲು ಮನೆಗೆ ಹೋದಳು.

 ಅವರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು, "ಲೋನ್ ಬೇಕಾ ಅಂತ ಕೇಳಿದ ಹುಡುಗಿ ಇವಳೇನು?"

ಎಂಟು ತಿಂಗಳ ಹಿಂದೆ ಅಡುಗೆಮನೆಯಿಂದ ಕೂಗಿ ಹೇಳಿದ ಒಂದು ಮಾತನ್ನು ಅವರು ನೆನಪಿಟ್ಟಿದ್ದರು.

"ಹೌದು" ಅಂದೆ.

"ಆವತ್ತು ಹೋಳಿಗೆ ಸೀದಿತ್ತು."

"ಹೌದು."

"ನನಗೆ ಸೀಯದೇ ಇದ್ದಿದ್ದನ್ನ ಹಾಕಿದ್ದೆ."

 ಅವಳು ಏನು ಹೇಳಿದ್ದಳು, ನಾನು ಏನು ಹೇಳಿದೆ ಎಂಬುದನ್ನೆಲ್ಲ ಒಂದೊಂದಾಗಿ ಹೇಳಿದೆ, ಈಗ ಇಲ್ಲಿ ಬರೆದಂತೆಯೇ. ಕಣಕದ ಕೈಯನ್ನೂ ಬಿಡಲಿಲ್ಲ.  ಅವರ ಬಲದೊಡೆ ಅಲುಗುವುದು ನಿಂತಿತ್ತು. ಅದನ್ನು ನೋಡಿ ನನಗೆ ಭಯವಾಯಿತು.

"ದಿನಾ ಬೆಳಗ್ಗೆ ಎದ್ದು ಅವರನ್ನ ಬೈದೆ. ಒಂದು ಫೋನ್ ಮಾಡ್ಲಿಲ್ಲ ಅಂತ ಬೈದೆ. ನೀನು ಎದುರಿಗೇ ಕೂತಿದ್ದೆ" ಎಂದರು.

"ಬೈಸ್ಕಳ್ಳೋ ಕೆಲಸ ಅವರೂ ಮಾಡಿದಾರೆ" ಅಂದೆ, ಸಣ್ಣ ದನಿಯಲ್ಲಿ.

"ಹ್ಞೂಂ. ಅವರೂ ಮಾಡಿದಾರೆ" ಎಂದರು ಅವರು.

ಅಷ್ಟೇ. ಆಮೇಲೆ ನರ್ಸ್ ಬಂದು ಎಡಗಾಲಿಗೆ ಪೆನ್ನಿನಿಂದ ಗುರುತು ಹಾಕಿ ಹೋದಳು, ಮರುದಿನ ತಪ್ಪಾಗದಿರಲಿ ಎಂದು. ತಪ್ಪಾಗಲು ಬೇರೆ ಕಾಲು ಇರಲಿಲ್ಲ. ಅವರೂ ಅದನ್ನೇ ನೋಡುತ್ತಿದ್ದರು, ಬೇರೆ ದಿನವಾಗಿದ್ದರೆ ಏನಾದರೂ ನಗೆಯಾಡುತ್ತಿದ್ದರು.

ಮರುದಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಲೂನು ಹಾಕಿದರು. ಕಿರುಬೆರಳಿನ ತುದಿ ಆಮೇಲೆ ಕಪ್ಪಾಗಿ ಉದುರಿತು, ಕಾಲು ಉಳಿಯಿತು. ಈಗಲೂ ದಿನಾ ಬೆಳಗ್ಗೆ ತೊಡೆಯ ಮೇಲಿಟ್ಟುಕೊಂಡು ನೋಡುತ್ತೇನೆ, ಬೆಚ್ಚಗಿರುತ್ತದೆ. ಎಡಗಾಲಿನ ಚಪ್ಪಲಿ ಸವೆಯುತ್ತದೆ, ಹೊಸ ಜೊತೆ ತರುತ್ತೇವೆ, ಬಲಗಾಲಿನವು ಹೊಸದಾಗಿಯೇ ಉಳಿಯುತ್ತವೆ. ಅವನ್ನು ಮಂಚದ ಕೆಳಗೆ ಸಾಲಾಗಿ ಇಟ್ಟಿದ್ದೇನೆ. ಎಸೆಯಲು ಕೈ ಬರುವುದಿಲ್ಲ. ಗುಡಿಸುವಾಗ ಒಮ್ಮೊಮ್ಮೆ ಅವುಗಳ ಮುಖ ಬಾಗಿಲ ಕಡೆ ತಿರುಗಿರುತ್ತದೆ. ನಾನೇ ಗುಡಿಸುವಾಗ ತಿರುಗಿಸಿರುತ್ತೇನೆ. ಅವರು ಕಂಪನಿಯವರನ್ನು ಬೈಯುವುದನ್ನು ಬಿಟ್ಟರು, ನನ್ನನ್ನೂ ಬೈದಿಲ್ಲ. ಬೆಳಗಿನ ಚಹಾದ ಹೊತ್ತಿನಲ್ಲಿ ಆ ಮಾತು ಇರುತ್ತಿದ್ದ ಜಾಗ ಈಗ ಖಾಲಿ. ಅದೂ ನೋಯುತ್ತದೆ.

ಆ ಸಂಜೆ ಮಗಳು ಡಬ್ಬಿ ತಂದಳು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಡಬ್ಬಿ ಮೊಸರನ್ನ, ಶೇಂಗಾ ಚಟ್ನಿ. ಮರುದಿನ ಬಲೂನು ಹಾಕುವವರೆಗೆ ಹೊಟ್ಟೆ ಖಾಲಿ ಇರಬೇಕಾದ್ದರಿಂದ ಬೆಳಕಿರುವಾಗಲೇ ಬಡಿಸಿದೆ. ಅವರು ಒಂದೂವರೆ ರೊಟ್ಟಿ ತಿಂದು ಉಳಿದ ಅರ್ಧವನ್ನು ತಟ್ಟೆಯಲ್ಲಿ ನನ್ನ ಕಡೆಗೆ ಸರಿಸಿದರು. ನಾನು ಅದನ್ನೂ ಎರಡು ತುತ್ತು ಮೊಸರನ್ನವನ್ನೂ ತಿಂದೆ. ಕಾಲು ತುರಿಸುತ್ತದೆಂದು ಅವರು ಆ ದಿನ ನನ್ನನ್ನು ಕರೆಯಲಿಲ್ಲ. ಕರೆಯದಿದ್ದರೂ ಸ್ಟೂಲನ್ನು ಮಂಚದ ಬಲಕ್ಕೆ ಎಳೆದುಕೊಂಡು, ಚಾದರ ಚಪ್ಪಟೆಯಾಗಿದ್ದ ಜಾಗದಲ್ಲಿ ಕೈ ಇಟ್ಟೆ. ಅವರು ತೆಗೆ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ, "ಇನ್ನೂ ಕೆಳಗೆ" ಎಂದರು. ಮದುವೆಯಾದಾಗಿನಿಂದ ಅವರಿಗಿಂತ ಮೊದಲು ಮಲಗಿದವಳಲ್ಲ ನಾನು. ಆ ರಾತ್ರಿ ಮೊದಲು ನಿದ್ದೆ ಹೋದವಳು ನಾನು, ಕೈ ಅಲ್ಲೇ ಇತ್ತಂತೆ. ಅವರು ಎಚ್ಚರವಾಗಿಯೇ ಇದ್ದರೆಂದು ಮಗಳು ಹೇಳಿದಳು.